ಕನ್ಫರ್ಮೇಷನ್ ಬಂದಿತ್ತು, ಕ್ಯಾಬಿನ್ ಇರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಕ್ರೂಸ್ (ಅಂದರೆ ಹಡಗಿನ ವಿಹಾರ) ಲೇಖನ ಓದಿದೆ. ಚೆನ್ನಾಗಿತ್ತು. ಡೆಕ್ ಮೇಲಿಂದ ಕಾಣುವ ಸೂರ್ಯಾಸ್ತ, ಈಜುಕೊಳ, ರಾತ್ರಿಯ ನಾಟಕ ಎಲ್ಲವೂ ಬಂದಿದೆ. ಟಿಕೆಟ್ ವಿಷಯಕ್ಕೆ ಮಾತ್ರ ಒಂದೇ ಸಾಲು. ಆನ್‌ಲೈನ್ ಏಜೆಂಟರ ಬಳಿ ಭಾರಿ ರಿಯಾಯಿತಿ ಸಿಗುತ್ತದೆ, ಹುಡುಕಿ ಬುಕ್ ಮಾಡಿ ಅಂತ. ನಾನು ಎಡವಿ ಬಿದ್ದದ್ದು ಸರಿಯಾಗಿ ಆ ಸಾಲಿನಲ್ಲೇ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಕ್ಷಮಿಸಿ.

ನಾನು 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತು ಬೇರೆಯವರ ಬಿಲ್ಲಿನಲ್ಲಿ ತಪ್ಪು ಹುಡುಕಿದವಳು. ಅಂಥವಳಿಗೇ ಟೋಪಿ ಹಾಕಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು.

ಹೊರಟಿದ್ದವರು ನಾಲ್ಕು ಜನ. ನಾನು, ನಮ್ಮ ಯಜಮಾನರು, ನಾದಿನಿ, ಅವಳ ಗಂಡ. ಏಳು ರಾತ್ರಿಯ ಮೆಡಿಟರೇನಿಯನ್ ಪ್ರಯಾಣ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಮಾರ್ಸೇಲ್, ಜಿನೋವಾ, ನೇಪಲ್ಸ್, ಮಾಲ್ಟಾ ನೋಡಿಕೊಂಡು ಮತ್ತೆ ಬಾರ್ಸಿಲೋನಾಕ್ಕೆ. ಹಡಗು ಕಂಪನಿಯ ಸ್ವಂತ ಸೈಟಿನಲ್ಲಿದ್ದ ದರದ ಅರ್ಧಕ್ಕಿಂತಲೂ ಕಡಿಮೆಗೆ ಒಬ್ಬ ಏಜೆಂಟನ ಸೈಟಿನಲ್ಲಿ ಸಿಕ್ಕಿತು. ಪುಟದ ಮೂಲೆಯಲ್ಲಿ ಗಡಿಯಾರವೊಂದು ಓಡುತ್ತಿತ್ತು. ಈ ದರ ಇನ್ನು 14 ನಿಮಿಷ ಮಾತ್ರ, ಎರಡೇ ಕ್ಯಾಬಿನ್ ಉಳಿದಿವೆ ಅಂತ. ನಮಗೂ ಬೇಕಾದದ್ದು ಎರಡೇ ಕ್ಯಾಬಿನ್ ನೋಡಿ! (ಎಷ್ಟೋ ದಿನ ಆದ ಮೇಲೆ ಸುಮ್ನೆ ಅದೇ ಪುಟ ತೆರೆದು ನೋಡಿದೆ. ಗಡಿಯಾರ ಮತ್ತೆ 15 ನಿಮಿಷದಿಂದ ಶುರುವಾಗಿತ್ತು. ಆಗಲೂ ಎರಡೇ ಕ್ಯಾಬಿನ್ ಉಳಿದಿದ್ದವು.)

ನಾನು ಕ್ರೆಡಿಟ್ ಕಾರ್ಡಿನಲ್ಲಿ ನಮ್ಮ ಕ್ಯಾಬಿನ್ನಿನ ಪೂರ್ತಿ ಹಣ ಕಟ್ಟಿದೆ. ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದರೆ ಇನ್ನೂ ಶೇ 5 ಕಡಿಮೆ ಅಂತ ಸೈಟಿನಲ್ಲಿ ಬರೆದಿತ್ತು. ನಾದಿನಿ ಫೋನ್ ಮಾಡಿ, 'ಅತ್ತಿಗೆ, ಯಾವುದರಲ್ಲಿ ಕಟ್ಟಲಿ?' ಎಂದು ಕೇಳಿದಳು. 'ಬ್ಯಾಂಕಿಂದಲೇ ಹಾಕು, ಉಳಿಯುತ್ತಲ್ಲ' ಅಂದೆ. ಹಾಗಂದವಳು ನಾನೇ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಹತ್ತೇ ನಿಮಿಷಕ್ಕೆ ಇಮೇಲ್ ಬಂತು. ಮೇಲೆ ಹಡಗಿನ ಚಿತ್ರ, ಹಸಿರು ಅಕ್ಷರದಲ್ಲಿ 'ಕನ್ಫರ್ಮ್ಡ್', ಕೆಳಗೆ ಒಂದು ನಂಬರು, ನಾಲ್ಕೂ ಜನರ ಹೆಸರು. ನಾದಿನಿ ಅದರ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಳು.

ಅದು ಫೆಬ್ರವರಿ. ಪ್ರಯಾಣ ಅಕ್ಟೋಬರ್‌ನಲ್ಲಿ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಕ್ಯಾಬಿನ್ ಹಡಗಿನ ಯಾವ ಕಡೆ ಬರುತ್ತೆ ನೋಡೋಣ ಅಂತ ಹಡಗು ಕಂಪನಿಯ ಸೈಟಿಗೆ ಹೋದೆ. ಬುಕಿಂಗ್ ನಂಬರು, ಹೆಸರು, ಹೊರಡುವ ತಾರೀಕು ಕೇಳಿತು. ಹಾಕಿದೆ. ಇಂಥ ಬುಕಿಂಗ್ ಇಲ್ಲ ಎಂದಿತು. ಇನಿಷಿಯಲ್ ಹಿಂದೆ ಹಾಕಿ ನೋಡಿದೆ, ಮುಂದೆ ಹಾಕಿ ನೋಡಿದೆ. ಸೊನ್ನೆಯೋ ಓ ಅಕ್ಷರವೋ ಅಂತ ಕನ್ನಡಕ ಒರೆಸಿಕೊಂಡು ನೋಡಿದೆ. ಊಹೂಂ. ಕೊನೆಗೆ ಹಡಗು ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ನಂಬರು ಕೇಳಿಸಿಕೊಂಡು, 'ಮೇಡಂ, ಇದು ನಮ್ಮ ನಂಬರೇ ಅಲ್ಲ. ನಿಮ್ಮ ಏಜೆಂಟ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ನಂಬರು' ಎಂದಳು. ಆಮೇಲೆ ಹೆಸರು ಹಿಡಿದು ಹುಡುಕಿದಳು. ಫೆಬ್ರವರಿಯಲ್ಲಿ ನಮ್ಮ ಹೆಸರಿಗೆ ಎರಡು ಕ್ಯಾಬಿನ್ 'ಹೋಲ್ಡ್' ಆಗಿದ್ದವು. ಮೂರು ದಿನದೊಳಗೆ ಮುಂಗಡ ಬರಲಿಲ್ಲ. ಕಂಪ್ಯೂಟರ್ ತಾನೇ ಬಿಟ್ಟುಬಿಟ್ಟಿತು. ಅಷ್ಟೇ.

ಈ ಹೋಲ್ಡ್ ಏನೆಂದು ನನಗೆ ಗೊತ್ತಾದದ್ದೇ ಆಗ. ಏಜೆಂಟರು ಒಂದು ಪೈಸೆಯೂ ಕಟ್ಟದೆ ಕ್ಯಾಬಿನ್ ಒಂದನ್ನು ಕೆಲವು ದಿನ ತಡೆದಿಡಬಹುದು. ಈ ವ್ಯಾಪಾರದಲ್ಲಿ ಅದಕ್ಕೆ 'ಆಪ್ಷನ್' ಅಂತಲೂ ಹೇಳುತ್ತಾರೆ. ಗ್ರಾಹಕರು ಯೋಚನೆ ಮಾಡಲಿ ಅಂತ ಇರುವ ಒಳ್ಳೆಯ ಅನುಕೂಲವೇ ಅದು. ಗಡುವಿನೊಳಗೆ ಮುಂಗಡ ಹೋಗದಿದ್ದರೆ ಕ್ಯಾಬಿನ್ ಮತ್ತೆ ಮಾರಾಟಕ್ಕೆ ಹೋಗುತ್ತದೆ. ನಮ್ಮ ಏಜೆಂಟ್ ನಮ್ಮಿಂದ ಪೂರ್ತಿ ಹಣ ತೆಗೆದುಕೊಂಡ, ಹಡಗಿಗೆ ಕಟ್ಟಲಿಲ್ಲ. ನಮಗೆ ಬಂದ ಹಸಿರು ಅಕ್ಷರದ ಕಾಗದ ಅವನದು, ಹಡಗಿನದಲ್ಲ.

ಹಾಗಾಗಿ ಒಂದು ಮಾತು. ಬುಕ್ ಮಾಡಿದ ದಿನವೇ ಹಡಗು ಕಂಪನಿಯ ಬುಕಿಂಗ್ ನಂಬರು ಕೇಳಿ ತೆಗೆದುಕೊಳ್ಳಿ. ಕಂಪನಿಯ ಸೈಟಿಗೆ ನೀವೇ ಹೋಗಿ, ಆ ನಂಬರು ಹಾಕಿ, ನಿಮ್ಮ ಹೆಸರು, ಹಡಗು, ತಾರೀಕು, ಕಟ್ಟಿದ ಮೊತ್ತ ಕಾಣುತ್ತದಾ ನೋಡಿ. ಕಾಣದಿದ್ದರೆ ನೀವಿನ್ನೂ ಏನನ್ನೂ ಕೊಂಡಿಲ್ಲ. 'ಎರಡು ವಾರದಲ್ಲಿ ನಂಬರು ಬರುತ್ತೆ', 'ಪ್ರಯಾಣಕ್ಕೆ ಮುಂಚೆ ಕಳಿಸ್ತೀವಿ' ಎಂಬ ಮಾತಿಗೆ ಒಪ್ಪಬೇಡಿ. ಮುಂಗಡ ಹಡಗಿಗೆ ಸೇರಿದ್ದರೆ ನಂಬರು ಆಗಲೇ ಹುಟ್ಟಿರುತ್ತದೆ.

ಇದಕ್ಕಿಂತ ಮುಂಚೆಯೇ ನನಗೆ ಅನುಮಾನ ಬರಬೇಕಿತ್ತು. ಇದು ನನ್ನ ಲೆಕ್ಕದ ಬುದ್ಧಿಗೆ ನಾಚಿಕೆಯ ವಿಷಯ. ಕ್ರೂಸ್ ಮಾರುವ ಏಜೆಂಟನಿಗೆ ಹಡಗು ಕಂಪನಿ ಕೊಡುವ ಕಮಿಷನ್ ಸಾಮಾನ್ಯವಾಗಿ ಶೇ 10ರಿಂದ 16ರ ಆಸುಪಾಸು. ಅದೂ ಪೂರ್ತಿ ಬಿಲ್ಲಿನ ಮೇಲಲ್ಲ. ತೆರಿಗೆ, ಬಂದರು ಶುಲ್ಕಗಳ ಮೇಲೆ ಕಮಿಷನ್ ಇಲ್ಲ. ಟಿಕೆಟ್ ದರದಲ್ಲೂ ಒಂದಿಷ್ಟನ್ನು 'ಇದಕ್ಕೆ ಕಮಿಷನ್ ಇಲ್ಲ' ಅಂತ ಕಂಪನಿಗಳು ಬದಿಗಿಡುತ್ತವೆ. ಏಜೆಂಟ್ ತನ್ನ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಅದು ನಿಜವಾದ ರಿಯಾಯಿತಿ. ಹಡಗಿನೊಳಗೆ ಖರ್ಚು ಮಾಡಲು ಒಂದಿಷ್ಟು ಕ್ರೆಡಿಟ್ ಕೊಡುತ್ತಾರಲ್ಲ, ಅದೂ ಹೆಚ್ಚಿನ ಸಲ ಆ ಪಾಲಿನಿಂದಲೇ. ಹಾಗಾದರೆ ಅದೇ ತಾರೀಕು, ಅದೇ ದರ್ಜೆಯ ಕ್ಯಾಬಿನ್ನಿಗೆ ಅರ್ಧ ದರ ಹೇಗೆ ಬರುತ್ತದೆ? 16 ಇದ್ದವನು 50 ಬಿಟ್ಟುಕೊಡುತ್ತಾನೆ ಅಂದರೆ ಮಿಕ್ಕದ್ದು ಯಾರ ಜೇಬಿನಿಂದ? ಕಚೇರಿಯಲ್ಲಿ ಇಂಥ ಬಿಲ್ ಮೇಜಿಗೆ ಬಂದಿದ್ದರೆ ಕೆಂಪು ಪೆನ್ನಿನಲ್ಲಿ ಗೀಚಿ ವಾಪಸ್ ಕಳಿಸುತ್ತಿದ್ದೆ.

ನಿಜವಾಗಿಯೂ ದರ ಇಳಿಯುವ ಸಂದರ್ಭಗಳು ಬೇರೆ ಇವೆ. ಆಗ ಹಡಗು ಕಂಪನಿಯ ಸ್ವಂತ ಸೈಟಿನಲ್ಲೂ ಇಳಿದಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಕಾಲಕ್ಕೆ ಈ ವ್ಯಾಪಾರದವರು 'ವೇವ್ ಸೀಸನ್' ಅನ್ನುತ್ತಾರೆ. ಕಂಪನಿಗಳು ಪೈಪೋಟಿಗೆ ಬಿದ್ದು ಕೊಡುಗೆ ಕೊಡುವುದು ಆಗ. ವಸಂತದಲ್ಲಿ ಕೆರಿಬಿಯನ್‌ನಿಂದ ಯುರೋಪಿಗೆ, ಶರತ್ಕಾಲದಲ್ಲಿ ಯುರೋಪಿನಿಂದ ಕೆರಿಬಿಯನ್‌ಗೆ ಹಡಗುಗಳು ಜಾಗ ಬದಲಿಸುತ್ತವೆ. ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಂಡು ಹೋಗುತ್ತವೆ. ನಡುವೆ ಐದಾರು ದಿನ ಬರೀ ನೀರು, ಹಾಗಾಗಿ ಅಗ್ಗ. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಪ್ರಯಾಣಕ್ಕೆ 75ರಿಂದ 90 ದಿನ ಮುಂಚೆ ಇರುತ್ತದೆ. ಅಷ್ಟರಲ್ಲಿ ಮನಸ್ಸು ಬದಲಿಸಿದವರ ಕ್ಯಾಬಿನ್‌ಗಳು ಮತ್ತೆ ಮಾರಾಟಕ್ಕೆ ಬಂದು ದರ ಇಳಿಯುವುದುಂಟು. ಇನ್ನೊಂದು 'ಗ್ಯಾರಂಟಿ' ಕ್ಯಾಬಿನ್. ದರ್ಜೆ ಮಾತ್ರ ನಿಮ್ಮದು, ಯಾವ ಕ್ಯಾಬಿನ್ ಎಂದು ಕಂಪನಿ ಆಮೇಲೆ ತಾನೇ ಆರಿಸಿ ಕೊಡುತ್ತದೆ. ಇದರ ರುಚಿ ನಾನೂ ನೋಡಿದ್ದೇನೆ, ಮುಂದೆ ಹೇಳುತ್ತೇನೆ.

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವ ದರ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ನಿನದು. ಅದೂ ಇಬ್ಬರು ಹಂಚಿಕೊಂಡಾಗ ತಲೆಗೆ ಎಷ್ಟು ಅಂತ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದರವೇ ಬೀಳುವುದುಂಟು. ಎಷ್ಟೋ ಕಡೆ ತೆರಿಗೆ, ಬಂದರು ಶುಲ್ಕ ಬೇರೆ. ಬಹಳಷ್ಟು ಹಡಗುಗಳಲ್ಲಿ ಟಿಪ್ಸ್ ಕೂಡ ದಿನಕ್ಕೆ ತಲೆಗೆ ಇಷ್ಟು ಅಂತ ತಾನಾಗಿ ಬಿಲ್ಲಿಗೆ ಸೇರುತ್ತದೆ. ಇಂಟರ್ನೆಟ್, ಪಾನೀಯ, ಬಂದರಿನಲ್ಲಿ ಇಳಿದು ಸುತ್ತುವ ಟೂರ್ ಎಲ್ಲ ಬೇರೆ ಬೇರೆ. ಇಬ್ಬರು ಏಜೆಂಟರ ದರ ಹೋಲಿಸುವುದಾದರೆ ಕಟ್ಟಕಡೆಯ ಮೊತ್ತ ಇಟ್ಟುಕೊಂಡು ಹೋಲಿಸಿ. ರದ್ದು ಮಾಡಿದರೆ ಹಡಗು ಕಂಪನಿ ಹಿಡಿದುಕೊಳ್ಳುವುದು ಒಂದು, ಅದರ ಮೇಲೆ ಏಜೆಂಟ್ ಹಿಡಿದುಕೊಳ್ಳುವುದು ಇನ್ನೊಂದು. ಎರಡನ್ನೂ ಮೊದಲೇ ಕೇಳಿ.

ನನ್ನ ಕಥೆಗೆ ವಾಪಸ್ ಬರುತ್ತೇನೆ. ಮೇ ತಿಂಗಳ ಆ ಫೋನ್ ಆದ ಮೇಲೆ ಕಾರ್ಡಿನ ಹಳೆಯ ಸ್ಟೇಟ್‌ಮೆಂಟ್ ತೆಗೆದೆ. ಹಣ ಪಡೆದವರ ಹೆಸರಿನ ಜಾಗದಲ್ಲಿ ಹಡಗು ಕಂಪನಿಯ ಹೆಸರಿಲ್ಲ, ಏಜೆಂಟನ ಸೈಟಿನ ಹೆಸರೂ ಇಲ್ಲ. ಯಾವುದೋ ಮೂರನೆಯ ಹೆಸರು. ಮೂರು ತಿಂಗಳು ಆ ಕಾಗದ ನನ್ನ ಡ್ರಾಯರಿನಲ್ಲೇ ಇತ್ತು, ಮೊತ್ತ ಸರಿಯಿದೆ ಅಂತ ಟಿಕ್ ಹಾಕಿ ಇಟ್ಟಿದ್ದೆ. ಎಷ್ಟೋ ಒಳ್ಳೆಯ ಏಜೆಂಟರು ನಿಮ್ಮ ಕಾರ್ಡಿನ ವಿವರವನ್ನು ನೇರ ಹಡಗು ಕಂಪನಿಗೆ ದಾಟಿಸುತ್ತಾರೆ. ಆಗ ಸ್ಟೇಟ್‌ಮೆಂಟಿನಲ್ಲಿ ಹಡಗು ಕಂಪನಿಯ ಹೆಸರೇ ಬರುತ್ತದೆ. ಏಜೆಂಟನ ಹೆಸರು ಬಂದರೆ ಅದೇ ಮೋಸ ಅಂತಲ್ಲ. ಆದರೆ ಹಣ ಸದ್ಯಕ್ಕೆ ಅವನ ಕೈಯಲ್ಲಿದೆ ಅಂತ ಅರ್ಥ. ಆಗ ಹಡಗಿನ ಸೈಟಿನಲ್ಲಿ ಮೊತ್ತ ಜಮೆ ಆಗಿದೆಯಾ ಅಂತ ನೋಡಲೇಬೇಕು.

ಏಜೆಂಟನಿಗೆ ಬರೆದೆ. ಮೊದಲು 'ತಾಂತ್ರಿಕ ತೊಂದರೆ' ಎಂದ. ಆಮೇಲೆ ಇನ್ನೊಂದು ಹಡಗಿಗೆ ವೋಚರ್ ಕೊಡುತ್ತೇನೆ, ಇಲ್ಲಿ ಒತ್ತಿ ಒಪ್ಪಿಕೊಳ್ಳಿ ಎಂದ. ಒತ್ತಲಿಲ್ಲ. ಬದಲಿಗೆ ಏನನ್ನಾದರೂ ಒಪ್ಪಿಕೊಂಡರೆ ಆಮೇಲೆ ಬ್ಯಾಂಕಿನ ಮುಂದೆ ನಿಮ್ಮ ಮಾತು ಸಡಿಲವಾಗುತ್ತದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ, ಅಂದರೆ ಕಾರ್ಡಿನಿಂದ ಹೋದ ಹಣ ವಾಪಸ್ ಕೊಡಿಸಿ ಎಂಬ ಅರ್ಜಿ ಹಾಕಿದೆ. ಜೊತೆಗೆ ಏಜೆಂಟನ ಇಮೇಲ್, ಕಾರ್ಡಿನ ಸ್ಟೇಟ್‌ಮೆಂಟ್, ನಿಮ್ಮ ಹೆಸರಿನಲ್ಲಿ ಬುಕಿಂಗ್ ಇಲ್ಲ ಎಂದು ಹಡಗು ಕಂಪನಿ ಬರೆದುಕೊಟ್ಟ ಎರಡು ಸಾಲು ಇಟ್ಟೆ. ಈ ಎರಡು ಸಾಲು ಬರೆಸಿಕೊಳ್ಳಲು ನಾಲ್ಕು ಸಲ ಫೋನ್ ಮಾಡಬೇಕಾಯಿತು. ಬಾಯಲ್ಲಿ ಹೇಳಲು ಎಲ್ಲರೂ ತಯಾರು, ಬರೆದುಕೊಡಿ ಅಂದರೆ ಯಾರೂ ಇಲ್ಲ! ಏಳು ವಾರಕ್ಕೆ ಹಣ ವಾಪಸ್ ಬಂತು. ಇಂಥ ಅರ್ಜಿಗೆ ಗಡುವು ಇರುತ್ತದೆ, ಸಾಮಾನ್ಯವಾಗಿ 120 ದಿನ. ಯಾವ ದಿನದಿಂದ ಎಣಿಕೆ ಎಂದು ಬ್ಯಾಂಕನ್ನೇ ಕೇಳಿ, ಆದರೆ ಗೊತ್ತಾದ ದಿನವೇ ಕೇಳಿ.

ನಾದಿನಿಯ ಬ್ಯಾಂಕ್ ಮಾತ್ರ, 'ಹಣ ಕಳಿಸಿದ್ದು ನೀವೇ ಅಲ್ವಾ?' ಎಂದಿತು. ಹಣ ಹೋದ ಖಾತೆ ಅಷ್ಟರಲ್ಲಿ ಬರಿದಾಗಿತ್ತು. ಜುಲೈ ಹೊತ್ತಿಗೆ ಸೈಟೇ ಮಾಯ. ಅವಳು ದೂರು ಕೊಟ್ಟಳು, ದೂರಿನ ನಂಬರು ಬಂತು, ಹಣ ಬರಲಿಲ್ಲ. ಶೇ 5 ಉಳಿಸಲು ಹೋಗಿ ನೂರಕ್ಕೆ ನೂರು ಹೋಯಿತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಜೆಂಟನ ಸೈಟಿನ ಅಡಿಯಲ್ಲಿ ಎಂಥೆಂಥ ಲೋಗೋ ಇದ್ದವು ಗೊತ್ತಾ? ಚಿತ್ರ ಕದಿಯಲು ಎಷ್ಟು ಹೊತ್ತು ಬೇಕು? ಬ್ರಿಟನ್ನಿನಲ್ಲಿ ಪ್ರವಾಸ ಏಜೆಂಟರ ಸಂಘ ಆಬ್ಟಾ, ಪ್ರವಾಸಿಗಳ ರಕ್ಷಣೆಯ ಯೋಜನೆ ಆಟಾಲ್ ಎಂದು ಇವೆ. ಆಟಾಲ್ ವಿಮಾನ ಸೇರಿದ ಪ್ಯಾಕೇಜುಗಳಿಗೆ ಹಣದ ರಕ್ಷಣೆ ಕೊಡುತ್ತದೆ. 2019ರ ಸೆಪ್ಟೆಂಬರ್ 23ರಂದು ಅಲ್ಲಿನ ಥಾಮಸ್ ಕುಕ್ ಪ್ರವಾಸ ಕಂಪನಿ ಕುಸಿದಾಗ ಸುಮಾರು ಒಂದೂವರೆ ಲಕ್ಷ ಪ್ರವಾಸಿಗಳನ್ನು ಅಲ್ಲಿನ ಸರ್ಕಾರ ವಾಪಸ್ ಕರೆತಂದಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ, ಫ್ಲೋರಿಡಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಪ್ರವಾಸ ಮಾರುವವರು ನೋಂದಣಿ ಮಾಡಿಸಲೇಬೇಕು. ಕ್ರೂಸ್ ಕಂಪನಿಗಳ ಒಕ್ಕೂಟ ಕ್ಲಿಯಾ ಏಜೆಂಟರಿಗೆ ಸದಸ್ಯತ್ವ ಕೊಡುತ್ತದೆ. ಏಜೆಂಟ್ ಇವುಗಳಲ್ಲಿ ಯಾವುದರ ಹೆಸರು ಹೇಳಿದರೂ ಸದಸ್ಯತ್ವದ ನಂಬರು ಕೇಳಿ, ಆ ಸಂಸ್ಥೆಯ ಸೈಟಿಗೆ ಹೋಗಿ ಹುಡುಕಿ. ಏಜೆಂಟನ ಸೈಟಿನಲ್ಲಿರುವ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ.

ಫೋನ್ ನಂಬರಿನದೂ ಇದೇ ಕಥೆ. ಹಡಗು ಕಂಪನಿಯ ಹೆಸರು ಹಾಕಿ 'ಕಸ್ಟಮರ್ ಕೇರ್' ಅಂತ ಹುಡುಕಿದರೆ ಮೇಲೆ ಬರುವ ನಂಬರು ಕಂಪನಿಯದೇ ಆಗಿರಬೇಕೆಂದಿಲ್ಲ. ಅದನ್ನು ನಂಬಿ ಫೋನ್ ಮಾಡಿದರೆ ಆ ಕಡೆ ಯಾರೋ ಸಿಹಿಯಾಗಿ ಮಾತಾಡಿ ನಿಮ್ಮ ಕಾರ್ಡ್ ನಂಬರು ಬರೆದುಕೊಳ್ಳುತ್ತಾರೆ. ಇನ್ನು ನಿಮಗೆ ಉಚಿತ ಕ್ರೂಸ್ ಬಂದಿದೆ, ಬಂದರು ಶುಲ್ಕ ಮಾತ್ರ ಕಟ್ಟಿ ಅಂತ ಬರುವ ಕರೆಗಳು. 2015ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 10 ರಾಜ್ಯಗಳ ಜೊತೆ ಸೇರಿ ಇಂಥ ಕರೆ ಮಾಡುವವರ ಮೇಲೆ ಕ್ರಮ ಕೈಗೊಂಡಿತ್ತು. ಸಮೀಕ್ಷೆ ಅಂತ ಶುರು ಮಾಡಿ ಬಹಾಮಾಸ್ ಕ್ರೂಸ್ ಮಾರುತ್ತಿದ್ದರಂತೆ.

ಏಜೆಂಟ್ ಪ್ರಾಮಾಣಿಕನಾಗಿದ್ದರೂ ಹಡಗು ಕಂಪನಿಯೇ ಕೈ ಎತ್ತಬಹುದು ಎಂಬುದನ್ನೂ ಮರೆಯುವ ಹಾಗಿಲ್ಲ. 2022ರ ಜನವರಿಯಲ್ಲಿ ಕ್ರಿಸ್ಟಲ್ ಸಿಂಫನಿ ಎಂಬ ಐಷಾರಾಮಿ ಹಡಗು ಮಯಾಮಿಗೆ ಬರಬೇಕಿತ್ತು. ಇಂಧನದ ಬಾಕಿಗಾಗಿ ಹಡಗು ಜಪ್ತಿಗೆ ಅಮೆರಿಕದ ಕೋರ್ಟಿನಿಂದ ವಾರಂಟ್ ಆಯಿತು. ಹಡಗು ಮಯಾಮಿ ಬಿಟ್ಟು ಬಹಾಮಾಸ್‌ನ ಬಿಮಿನಿಗೆ ತಿರುಗಿತು. ಪ್ರಯಾಣಿಕರನ್ನು ಅಲ್ಲಿಂದ ಫೆರ್ರಿಯಲ್ಲಿ ಫ್ಲೋರಿಡಾಕ್ಕೆ ಸಾಗಿಸಿದರು. 2023ರಲ್ಲಂತೂ ಮೂರು ವರ್ಷದ ವಿಶ್ವ ಪ್ರಯಾಣವೊಂದಕ್ಕೆ ಜನ ಹಣ ಕಟ್ಟಿ ಕಾಯುತ್ತಿದ್ದರು. ಹೋಗಬೇಕಿದ್ದ ಹಡಗನ್ನು ಕಂಪನಿ ಇನ್ನೂ ಕೊಂಡೇ ಇರಲಿಲ್ಲ. ಅದನ್ನು ಬೇರೆಯವರು ಕೊಂಡುಕೊಂಡರು. ನವೆಂಬರ್‌ನಲ್ಲಿ ಪ್ರಯಾಣವೇ ರದ್ದು. ಮನೆ ಖಾಲಿ ಮಾಡಿ ಹೊರಟು ನಿಂತವರಿದ್ದರು. ಕಂಪನಿ ಮುಳುಗಿದರೂ ಹಣ ಕೊಡುವ ವಿಮೆ ಬೇರೆ, ಬರೀ ಕಾಯಿಲೆಗೆ ಕೊಡುವ ವಿಮೆ ಬೇರೆ. ಏಜೆಂಟನ ಪುಟದಲ್ಲಿ ತಾನಾಗಿ ಟಿಕ್ ಆಗಿರುವ ವಿಮೆಯಲ್ಲಿ ಯಾವುದಿದೆ ಎಂದು ಓದಿ ನೋಡಿ.

ಇಷ್ಟೆಲ್ಲ ಆದ ಮೇಲೆ ನಾವು ಏಜೆಂಟರ ಸಹವಾಸವೇ ಬೇಡ ಅಂದೆವಾ? ಇಲ್ಲ. ಮರುವರ್ಷ ಅದೇ ದಾರಿಗೆ ಇನ್ನೊಬ್ಬ ಆನ್‌ಲೈನ್ ಏಜೆಂಟನ ಬಳಿಯೇ ಬುಕ್ ಮಾಡಿದೆವು. ರಿಯಾಯಿತಿ ಶೇ 8, ಅದರ ಮೇಲೆ ಹಡಗಿನೊಳಗೆ ಖರ್ಚಿಗೆ ಒಂದಿಷ್ಟು ಕ್ರೆಡಿಟ್. ದೊಡ್ಡದೇನಲ್ಲ, ಆದರೆ ನನ್ನ ಲೆಕ್ಕಕ್ಕೆ ಸಿಗುವಂಥದ್ದು. ನಾದಿನಿಯ ಕ್ಯಾಬಿನ್ನಿಗೂ ನಾನೇ ಕಟ್ಟಿದೆ, ಅವಳು ಬೇಡ ಅಂದರೂ. ಹಡಗಿನ ನಂಬರು ಅಂದು ಸಂಜೆಯೇ ಬಂತು. ಎರಡೂ ಗ್ಯಾರಂಟಿ ಕ್ಯಾಬಿನ್‌ಗಳು. ನಮಗೆ ಸಿಕ್ಕಿದ್ದು ಸರಿಯಾಗಿ ಡಾನ್ಸ್ ಹಾಲಿನ ಕೆಳಗೆ. ರಾತ್ರಿ ಒಂದು ಗಂಟೆಗೆ ಕುರ್ಚಿ ಎಳೆಯುವ ಸದ್ದು ನಿಲ್ಲುತ್ತಿತ್ತು, ಆಮೇಲೆ ಯಜಮಾನರ ಗೊರಕೆ ಶುರುವಾಗುತ್ತಿತ್ತು. ಹಡಗು ಯಾರಿಗೂ ಕಾಯುವುದಿಲ್ಲ ಅಂತ ಒಂದು ದಿನ ಮುಂಚೆಯೇ ಬಾರ್ಸಿಲೋನಾ ಸೇರಿಕೊಂಡಿದ್ದೆವು. ಬಂದರಿನ ಚೆಕ್-ಇನ್ ಸಾಲಿನಲ್ಲಿ ನಿಂತಾಗ ನಾದಿನಿ ಬ್ಯಾಗಿನಿಂದ ಹಳೆಯ ಲ್ಯಾಮಿನೇಷನ್ ಕಾಗದ ತೆಗೆದಳು. ಅದನ್ನೇಕೆ ತಂದೆ ಎಂದು ಕೇಳಿದೆ. 'ಬಿಸಿಲಿಗೆ ಬೀಸಿಕೊಳ್ಳೋಕೆ ಚೆನ್ನಾಗಿದೆ ಅತ್ತಿಗೆ' ಎಂದಳು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಕ್ರೂಸ್ ದರ ಅಚ್ಚು ಹಾಕುವಾಗ ತೆರಿಗೆ, ಬಂದರು ಶುಲ್ಕ ಸೇರಿದ ಮೊತ್ತವನ್ನೇ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಶುಲ್ಕಗಳೂ ಜಾಹೀರಾತಿನ ದರದಲ್ಲಿ ಸೇರಿರಬೇಕು ಎಂಬ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕಾನೂನು ಬರಲಿ ಅಂತ ನೀವು ಕಾಯಬೇಕಿಲ್ಲ. ಎರಡನೆಯದು, 'ಹುಡುಕಿ ಬುಕ್ ಮಾಡಿ' ಎಂಬ ಸಾಲು ಮುಂದಿನ ಸಲ ಬಂದರೆ ಅದರ ಪಕ್ಕದಲ್ಲೇ 'ಹಡಗಿನ ನಂಬರು ಅದೇ ದಿನ ಕೇಳಿ, ಬ್ಯಾಂಕ್ ಖಾತೆಗೆ ನೇರ ಹಣ ಹಾಕಬೇಡಿ' ಎಂದು ಸೇರಿಸಿ. ಪತ್ರ ಉದ್ದವಾಯಿತೆಂದು ಕತ್ತರಿ ಆಡಿಸುವುದಾದರೆ ನನ್ನ ಕಥೆಗೆ ಆಡಿಸಿ, ಈ ಕೋರಿಕೆಗೆ ಬೇಡ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ
(ನಿವೃತ್ತ ಲೆಕ್ಕಪತ್ರ ಸಿಬ್ಬಂದಿ)